ಬಾಟಲಿಯ ಮೇಲೆ ಕುಳಿತ ಕೆಂಗೊರಳಿನ ದೊರೆಗೆ

ಕೆಂಟಕಿ ಬೆಟ್ಟಸಾಲಿನ ಸಕಲ ಹಿತ್ತಿಲುಗಳ ಸ್ವಯಂಘೋಷಿತ ಒಡೆಯರೂ, ಹೆಬ್ಬೆರಳಿನಷ್ಟು ಮೈಯಲ್ಲಿ ಗೂಳಿಯಷ್ಟು ಕೊಬ್ಬು ತುಂಬಿಕೊಂಡವರೂ ಆದ ಹಮ್ಮಿಂಗ್‌ಬರ್ಡ್ ಮಹಾಶಯರ ಸನ್ನಿಧಿಗೆ ಡೆಲ್ಮಾ ರಾಟ್ಲಿಫ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಸಮುದ್ರ ದಾಟಿ ದಣಿದು ಬರುತ್ತೀರೆಂದು ನಾನು ಮಾರ್ಚ್ ಮುಗಿಯುವ ಮೊದಲೇ, ಇನ್ನೂ ಒಂದು ಹೂವೂ ಬಾಯಿ ಬಿಡದ ಚಳಿಯಲ್ಲಿ, ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು ಬೆರೆಸಿ ಕೆಂಪು ಬಾಟಲಿಯನ್ನು ಕಿಟಕಿಯೆದುರು ತೂಗುಹಾಕಿದ್ದು ತಮಗೆ ತಿಳಿದೇ ಇದೆ. ಪಕ್ಕದ ಮನೆಯ ವನೀಟಾ ಬೇಲಿಯ ಮೇಲೆ ಮೊಣಕೈಯೂರಿ, “ಏನೇ ಡೆಲ್ಮಾ, ಈ ಚಳೀಲಿ ಯಾರಿಗೇ ಪಾನಕ? ಇರುವೆಗಳ ಮದುವೇನಾ?” ಎಂದು ಕೇಳಿದಳು. ಉತ್ತರ ನನ್ನ ಹಿಂದೆ ಗಾಲಿಕುರ್ಚಿಯಲ್ಲಿ ಕುಳಿತಿತ್ತು.

ನನ್ನ ಗಂಡ ಹೋಬರ್ಟ್‌ಗೆ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಮಾತು ಕಲಿಸಲು ಬರುವ ಟ್ಯಾಮ್ಸಿನ್ ಎಂಬ ಹುಡುಗಿ ಸೇಬಿನ ಚಿತ್ರ, ಬೆಕ್ಕಿನ ಚಿತ್ರ ಹಿಡಿದು ಎಷ್ಟು ಗೋಗರೆದರೂ ಅವರು ಮುಖ ತಿರುಗಿಸಿ ಕಿಟಕಿಯನ್ನೇ ನೋಡುತ್ತಿದ್ದರು. ಆ ಕಿಟಕಿಯಲ್ಲಿ ನೋಡಲು ಏನಾದರೂ ಇರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ತಾವು ಚಿತ್ತೈಸಿದಿರಿ. ಹೆಪ್ಪುಗಟ್ಟಿಸುವ ಚಳಿ ಮರಳಿ ಬಂದ ಬೆಳಗ್ಗೆ ತಮ್ಮ ಪಾನಕ ಮಂಜುಗಡ್ಡೆಯಾಗದಿರಲೆಂದು ನಾನು ಹೋಬರ್ಟ್ ಅವರ ಉಣ್ಣೆಯ ಕಾಲುಚೀಲವನ್ನು ಬಾಟಲಿಗೆ ತೊಡಿಸಿದೆ. ತಾವು ಕೃತಜ್ಞತೆಯಿಂದ ನನ್ನ ನೆತ್ತಿಯನ್ನು ಕುಕ್ಕಲು ಬಂದಿರಿ. ಆಮೇಲೆ ಜೇನುನೊಣವನ್ನು ಓಡಿಸಿದಿರಿ, ಗುಬ್ಬಿಯನ್ನು ಓಡಿಸಿದಿರಿ, ಚಿಟ್ಟೆಯನ್ನೂ ಬಿಡಲಿಲ್ಲ. ಕುಡಿಯುವುದು ಗುಟುಕು, ಕಾಯುವುದು ಇಡೀ ಬಾಟಲಿ! ನಮ್ಮ ಕೌಂಟಿಯ ಆಡಳಿತಕ್ಕೆ ತಾವು ಯಾವ ತರಬೇತಿಯೂ ಇಲ್ಲದೆ ತಕ್ಕವರಾಗಿದ್ದೀರಿ.

ಕೊನೆಗೆ ತಮ್ಮದೇ ಕುಲದ ಹೆಣ್ಣುಹಕ್ಕಿಯೊಂದು ಸೋತ ರೆಕ್ಕೆಗಳಲ್ಲಿ ಬಂದು ಬಾಟಲಿಗೆ ಕೊಕ್ಕಿಟ್ಟಿತು. ತಾವು ಮರದ ತುದಿಯಿಂದ ಬಾಣದಂತೆ ಇಳಿದು, ಅದನ್ನು ಕಿಟಕಿಯ ಗಾಜಿಗೆ ಬಡಿಯುವಂತೆ ಅಟ್ಟಿದಿರಿ. ಆಗ ನನ್ನ ಬೆನ್ನ ಹಿಂದಿನಿಂದ ಗುಡುಗಿನಂಥ ದನಿಯೊಂದು ಬಂತು: “ಬಿಡೋ, ಮುಂಡೇದೇ!”

ನನ್ನ ಕೈಯಲ್ಲಿದ್ದ ಲೋಟ ಬಿದ್ದು ಚೂರಾಯಿತು. ಅದು ನನ್ನ ಗಂಡನ ದನಿ. ಅವರೂ ಬೆಚ್ಚಿ, ಯಾರು ಹೇಳಿದ್ದೆಂಬಂತೆ ಸುತ್ತ ನೋಡಿದರು. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತದ್ದನ್ನು ತಾವು ಗಮನಿಸಿರಲಾರಿರಿ, ಜೇನುನೊಣ ಮತ್ತೆ ಬಂದಿತ್ತು.

ಈಗ ನನ್ನ ದೂರು ಕೇಳಬೇಕು. ಹೋಬರ್ಟ್ ಬಾಯಲ್ಲಿ ಅದೊಂದೇ ಮಾತು ನಿಂತಿದೆ. ಪ್ರಾರ್ಥನೆಗೆಂದು ಬಂದ ಪಾದ್ರಿಗಳು ಅವರ ಕೈ ಹಿಡಿದು ಕಣ್ಣು ಮುಚ್ಚಿದರೆ, “ಬಿಡೋ, ಮುಂಡೇದೇ!” ಪಾದ್ರಿಗಳು ಬಿಟ್ಟರು. ಟ್ಯಾಮ್ಸಿನ್ ಮಾತ್ರ ಕುಣಿದಾಡಿ, “ಬೈಲಿ ಬಿಡಿ ಆಂಟಿ, ಬೈಗುಳ ಆದ್ರೇನು, ಬಾಯಿ ಬಿಟ್ರಲ್ಲ!” ಅಂದಳು. ಸೇಬು ಮಾಡಲಾಗದ್ದನ್ನು ತಮ್ಮ ದುರ್ನಡತೆ ಮಾಡಿತು.

ಆದ್ದರಿಂದ ತಾವು ದಯವಿಟ್ಟು ಸುಧಾರಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇನ್ನಷ್ಟು ಕೆಡಬೇಕು, ಆದರೆ ಬಗೆಬಗೆಯಾಗಿ ಕೆಡಬೇಕು. “ಬೇಡ” ಅನ್ನಿಸುವ ಒಂದು ಪುಂಡಾಟ, “ಹಸಿವು” ಅನ್ನಿಸುವ ಇನ್ನೊಂದು. ಮತ್ತು ಸಾಧ್ಯವಾದರೆ, ಹೆಂಡತಿಯನ್ನು ಹೆಸರು ಹಿಡಿದು ಕೂಗದೆ ವಿಧಿಯಿಲ್ಲದಂಥ ದೊಡ್ಡ ಅನಾಹುತವೊಂದನ್ನು, ಬೇಸಿಗೆಯೊಳಗೆ.

ತಮ್ಮ ವಿಶ್ವಾಸಿಯೂ, ತಮ್ಮ ಬಾಟಲಿ ತೊಳೆಯುವವಳೂ ಆದ
ಡೆಲ್ಮಾ ರಾಟ್ಲಿಫ್

ಮರೆತ ಮಾತು: ಆ ಹೆಣ್ಣುಹಕ್ಕಿ ಚೇತರಿಸಿಕೊಂಡಿದೆ. ಮತ್ತೆ, ಈ ಪತ್ರ ಬರೆದಿಟ್ಟ ಮೇಲೆ, ನಿನ್ನೆ ಹೋಬರ್ಟ್ ಬಾಟಲಿಯತ್ತ ಬೆರಳು ಚಾಚಿ, ತುಟಿ ಒದ್ದಾಡಿಸಿ, “ಇನ್ನೊಂದ್… ಹಾಕೇ” ಅಂದರು. ಮನೆಯ ಆಚೆ ಮೂಲೆಯಲ್ಲಿ, ತಮ್ಮ ಕಣ್ಣಿಗೆ ಬೀಳದಂತೆ, ಎರಡನೆಯ ಬಾಟಲಿ ಹಾಕಿದ್ದೇನೆ. ಅಲ್ಲೀಗ ಹೆಣ್ಣುಹಕ್ಕಿಗಳ ಜಾತ್ರೆ. ತಾವು ಕಿಟಕಿಯೆದುರಿನ ಈ ಬಾಟಲಿಯನ್ನೇ ಕಾಯುತ್ತಾ ಒಬ್ಬರೇ ಕುಳಿತಿರಿ, ಬಹಳ ಗಂಭೀರವಾಗಿ ಕಾಣುತ್ತೀರಿ.