ಹುಲಿಗೆಮ್ಮ ಕಂಪ್ಯೂಟರಿಗೆ ಮಾತು ಕಲಿಸಿದ್ದು

ನಕಲು ಮಾಡುವುದರಲ್ಲಿ ನಾನು ಶಾಲೆಯ ಕಾಲದಿಂದಲೂ ಗಟ್ಟಿಗ. ಆದೋನಿಯಲ್ಲಿ ಇಷ್ಟು ವರ್ಷ ವೆಬ್‌ಸೈಟು ಕಟ್ಟಿಕೊಂಡು ಬದುಕಿದ್ದೇನೆಂದರೆ ಅದಕ್ಕೆ ಕಾರಣ ಬುದ್ಧಿಯಲ್ಲ, ಕಾಪಿ ಮತ್ತು ಪೇಸ್ಟ್. ಹತ್ತು ಸಾಲು ಕೋಡನ್ನು ಮೂವತ್ತು ಕಡೆ ಅಂಟಿಸಿ, ಸಂಜೆ ಹೆಂಡತಿಯ ಮುಂದೆ "ಮುನ್ನೂರು ಸಾಲು ಬರೆದೆ ಕಣೇ" ಎಂದು ಸುಸ್ತಾದವನಂತೆ ಕೂರುತ್ತೇನೆ. ಆಕೆ ಪಾಪ, ನಂಬಿ ಚಹಾ ಕೊಡುತ್ತಾಳೆ.

ಕುರಿಗಳ ಲಸಿಕೆ ಶಿಬಿರದ ಪುಟವನ್ನೂ ಹೀಗೇ ಕಟ್ಟಿದೆ. ಡಾಕ್ಟರ್ ಬರುವುದು ಖಾತ್ರಿಯಾದರೆ ತಾರೀಖು ತೋರಿಸಬೇಕು, ಇಲ್ಲದಿದ್ದರೆ 'ಬರಬೇಡಿ' ಅನ್ನಬೇಕು. ಊರೂರಿಗೂ ಅದೇ ನಿಯಮ. ಗೋನೆಗಂಡ್ಲದ ಪಾಲಿನ 'ಇಲ್ಲದಿದ್ದರೆ' ಮಾತ್ರ ನನ್ನ ಕೈ ತಪ್ಪಿತು. ಡಾಕ್ಟರ್ ಬರದಿದ್ದರೂ ಹಳೇ ತಾರೀಖು ಪುಟದ ಮೇಲೆ ಹಾಗೇ ನಿಂತಿತು.

ಆ ತಾರೀಖಿನ ಮರುದಿನ ನನ್ನ ಸಹೋದ್ಯೋಗಿ ಹುಲಿಗೆಮ್ಮ ಬಂದು ನಿಂತಳು. ಪೆದ್ದಕಡುಬೂರಿನ ಕುರಿಗಾರರ ಮನೆಯವಳು. "ಸರ, ಗೋನೆಗಂಡ್ಲದಾಗ ನಮ್ಮ ಚಿಕ್ಕಪ್ಪ ಅದಾನ್ರಿ. ಮೊಬೈಲ್ ನೋಡಿ ಹಿಂಡೆಲ್ಲ ಹೊಡಕೊಂಡು ಹೋಗ್ಯಾನ. ಬಿಸಿಲಾಗ ನಿಂತು ನಿಂತು ಎರಡು ಮರಿ ಸತ್ತಾವ್ರಿ."

ಹುಲಿಗೆಮ್ಮ ಬೈಯಲಿಲ್ಲ. ಎರಡು ದಿನ ಕೂತು, ಪುಟ ನಡೆಸುವ ಜಾವಾಸ್ಕ್ರಿಪ್ಟ್ ಭಾಷೆಗೆ 'ಡಾಕ್ಟರ್_ಬಂದ್ರ' ಎಂಬ ಹೊಸ ಮಾತನ್ನೇ ಕಲಿಸಿದಳು. ಇದಕ್ಕೆ ಮ್ಯಾಕ್ರೋ ಅನ್ನುತ್ತಾರೆ: ನಾವು ಆ ಒಂದು ಮಾತು ಬರೆದರೆ ಸಾಕು, ಪ್ರೋಗ್ರಾಂ ಓಡುವ ಮೊದಲೇ ಅದು ಪೂರ್ತಿ ಹತ್ತು ಸಾಲಾಗಿ ಬಿಚ್ಚಿಕೊಳ್ಳುತ್ತದೆ.

"ಬೇಕಾದಾಗ ಕರೆಯೋ ಒಂದು ಫಂಕ್ಷನ್ ಬರೆದಿದ್ರ ಸಾಕಿತ್ತಲ್ಲ?" ಎಂದೆ, ದೊಡ್ಡಸ್ತಿಕೆ ಬಿಡಲಾರದೆ.

"ಫಂಕ್ಷನ್ ಕೆಲಸ ಮಾಡತೈತ್ರಿ, ವ್ಯಾಕರಣ ತಿದ್ದಂಗಿಲ್ಲ. ಇದರಾಗ 'ಇಲ್ಲಂದ್ರ' ಬರಿಯೋದು ಮರತ್ರ ವಾಕ್ಯಾನ ಪೂರ್ತಿ ಆಗಂಗಿಲ್ಲ. ನೀವೇ ನೋಡ್ರಿ."

ಬರೆದು ನೋಡಿದೆ, ಬೇಕಂತಲೇ ಅಲ್ಲ, ನಿಜಕ್ಕೂ ಮತ್ತೆ ಮರೆತೆ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: 'ಡಾಕ್ಟರ್ ಬರಲಿಲ್ಲಂದ್ರ ಏನಂತ ಬರೀರಿ ಸರ.' ಇಷ್ಟು ಮರ್ಯಾದೆಯಿಂದ ಯಾವ ಕಂಪ್ಯೂಟರೂ ನನ್ನ ತಪ್ಪು ತೋರಿಸಿದ್ದಿಲ್ಲ. ಭಾಷೆ ಸಾಲದೆ ಬಂದರೆ ನಾನು ಗೊಣಗುವವನು. ಈಕೆ ಭಾಷೆಯನ್ನೇ ಬೆಳೆಸಿದಳು.

ಮುಂದಿನ ಶಿಬಿರ ಸಲೀಸಾಗಿ ನಡೆಯಿತು. ಚಿಕ್ಕಪ್ಪ ಫೋನು ಮಾಡಿದಾಗ ಹುಲಿಗೆಮ್ಮ ನನ್ನ ಕೈಗೆ ಕೊಟ್ಟಳು.

"ಸಾರು, ಮೊದಲ ತಪ್ಪು ಮಾಡಿದಾಕಿ ನಮ್ಮ ಹುಲಿಗಿ ಇರಬೇಕು. ನೀವು ಸರಿ ಮಾಡೀರಿ. ಬೈಬ್ಯಾಡ್ರಿ ಆಕಿಗೆ."

"ಇಲ್ಲಣ್ಣ, ತಪ್ಪು ನಂದು. ಸರಿ ಮಾಡಿದಾಕಿ ಹುಲಿಗೆಮ್ಮ," ಎಂದೆ, ಎದೆ ಗಟ್ಟಿ ಮಾಡಿಕೊಂಡು.

ಅತ್ತ ಚಿಕ್ಕಪ್ಪನ ದನಿ ಏರಿತು: "ಎಂಥ ದೊಡ್ಡ ಮನಸ್ಸು ಸಾರು ನಿಮ್ದು! ಹುಡುಗಿ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ."

ಈಗ ಗೋನೆಗಂಡ್ಲದ ಕಡೆ ನಾನು ಧರ್ಮಾತ್ಮ. ನಿಜ ಹೇಳಿದಷ್ಟೂ ಹೆಸರು ಏರುತ್ತಿದೆ.