ತಿರುಗಿ ಹೇಳುವ ಪರೀಕ್ಷೆ

"ಆರ್ವೋ ಅವರೇ, ಹೃದಯ ಈಗ ಚೆನ್ನಾಗಿದೆ. ಇವತ್ತೇ ಮನೆಗೆ ಹೋಗಬಹುದು," ಎಂದಳು ನರ್ಸ್ ಕಾಲೀನ್. "ನಾನು ಹೇಳಿದ್ದನ್ನ ನಿಮ್ಮ ಮಾತಲ್ಲೇ ತಿರುಗಿ ಹೇಳಿಬಿಡಿ, ಅಷ್ಟೇ ಬಾಕಿ."

ಆರ್ವೋ ಕೆಟ್ಟುನೆನ್ ಹಾಸಿಗೆಯಿಂದ ಅರ್ಧ ಎದ್ದೇಬಿಟ್ಟ. ಸಂಜೆ ಆರಕ್ಕೆ ಮೊಮ್ಮಗಳು ಕೈಸಾಳ ಹಾಕಿ ಫೈನಲ್. ಅವಳ ಒಂದು ಆಟವನ್ನೂ ಅವನು ಈವರೆಗೆ ತಪ್ಪಿಸಿದವನಲ್ಲ.

ಕಾಲೀನ್ ನಿಧಾನವಾಗಿ ಹೇಳಿದಳು: ಮೈಯಲ್ಲಿ ತುಂಬಿದ ನೀರಿಳಿಸುವ ಮಾತ್ರೆ ಬೆಳಗ್ಗೆ, ದಿನಾ ತೂಕ, ಎರಡು ಕಿಲೋ ಏರಿದರೆ ಫೋನು, ಉಪ್ಪುಮೀನು ಬಂದ್.

"ಈಗ ಹೇಳಿ. ಮಾತ್ರೆ ಯಾವಾಗ?"

"ಬೆಳಗ್ಗೆ!" ಎಂದಳು ಹಾಸಿಗೆಯ ಪಕ್ಕದಲ್ಲಿದ್ದ ಹೆಂಡತಿ ಹೆಲ್ವಿ.

"ತಿಂಡಿಗೆ ಮುಂಚೆ," ಎಂದು ಸೇರಿಸಿದಳು ನಾದಿನಿ ಇರ್ಮಾ.

"ಅವರು ಹೇಳಲಿ. ಮೀನು?"

"ಇನ್ನೆಲ್ಲಿ ಮೀನು! ಬಾಟ್ಲಿ ಸಮೇತ ಪಕ್ಕದ ಮನೆಗೆ ದಾಟಿಸಿದೆ," ಎಂದಳು ಹೆಲ್ವಿ.

ಹೆಪ್ಪುಗಟ್ಟಿದ ಕೆರೆಯಿಂದ ಈಗಷ್ಟೇ ಎಳೆದುಹಾಕಿದ ಮೀನಿನಂತೆ ಆರ್ವೋನ ಬಾಯಿ ತೆರೆಯಿತು, ಮುಚ್ಚಿತು. ಕಾಲೀನ್ ಹುಬ್ಬು ಗಂಟಿಕ್ಕಿ ಏನೋ ಬರೆದುಕೊಂಡಳು.

ಮಧ್ಯಾಹ್ನ ಮೆದುಳಿನ ಡಾಕ್ಟರು ಬಂದರು. "ರೋಗಿ ಮಾತೇ ಆಡ್ತಿಲ್ಲವಂತೆ? ಇವತ್ತು ಯಾವ ವಾರ, ಹೇಳಿ."

"ಶನಿವಾರ!" ಎಂದರು ಅಕ್ಕತಂಗಿ ಒಟ್ಟಿಗೆ.

"ನಮ್ಮ ಭಾವ ಮೊದಲಿಂದಲೂ ಮಿತಭಾಷಿ, ಡಾಕ್ಟರೇ," ಎಂದು ಇರ್ಮಾ ಸಮಾಧಾನವನ್ನೂ ಹೇಳಿದಳು.

ಡಾಕ್ಟರು ತಲೆಯ ಸ್ಕ್ಯಾನಿಗೆ ಬರೆದುಕೊಟ್ಟರು. ಸ್ಕ್ಯಾನಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಅಷ್ಟರಲ್ಲಿ ನಾಲ್ಕು ಗಂಟೆ. ಕಾಲೀನ್ ಮತ್ತೆ ಹಾಳೆ ಹಿಡಿದು ಬಂದಳು, ಹೆಲ್ವಿ ಗಂಟಲು ಸರಿಮಾಡಿಕೊಂಡಳು.

"ಹೊರಗೆ ಹೋಗಿ! ಇಬ್ಬರೂ!" ಎಂದು ಆರ್ವೋ ಗುಡುಗಿದ. ನಲವತ್ತೊಂದು ವರ್ಷದ ಸಂಸಾರದಲ್ಲಿ ಅಷ್ಟು ದೊಡ್ಡ ದನಿ ಅವನಿಗಿದೆಯೆಂದು ಅವನಿಗೂ ತಿಳಿದಿರಲಿಲ್ಲ.

ಬಾಗಿಲು ಮುಚ್ಚಿತು. ಆರ್ವೋ ಮಾತ್ರೆ, ತೂಕ, ಕಿಲೋ, ಮೀನು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

"ನೂರಕ್ಕೆ ನೂರು!" ಕಾಲೀನ್ ಚಪ್ಪಾಳೆ ತಟ್ಟಿದಳು. ಆರ್ವೋ ಪ್ಯಾಂಟು ಏರಿಸಿ, ಒಂದು ಕಾಲಿಗೆ ಬೂಟು ಹಾಕಿಯೂ ಆಯಿತು. "ಇನ್ನು ಮನೇಲಿ ನೋಡಿಕೊಳ್ಳೋರೂ ಒಂದ್ಸಲ ಹೇಳಿಬಿಡಲಿ. ಅದಾಗದೆ ಕಳಿಸೋ ಹಾಗಿಲ್ಲ."

"ಅದೊಂದು ಕಷ್ಟವಾ?" ಆರ್ವೋ ನಕ್ಕು ತಾನೇ ಬಾಗಿಲು ತೆಗೆದ. "ಹೆಲ್ವೀ, ಬಾ, ಹೇಳು!"

"ಅಮ್ಮಾ, ಮಾತ್ರೆ ಯಾವಾಗ?" ಕೇಳಿದಳು ಕಾಲೀನ್.

ಹೆಲ್ವಿ ಕೈಚೀಲವನ್ನು ಎದೆಗವಚಿಕೊಂಡು ಗೋಡೆ ನೋಡಿದಳು. "ಅವನನ್ನೇ ಕೇಳಿ. ನಮ್ಮ ಮಾತು ಅವನಿಗೆ ಬೇಡವಂತಲ್ಲ."

"ಇರ್ಮಾ, ನೀನಾದ್ರೂ ಹೇಳೇ!"

"ಅಕ್ಕ ಬಾಯಿಬಿಡದೇ ಇರೋವಾಗ ನಾನು ಹೇಗೆ ಬಿಡ್ಲಿ, ಭಾವ?"

ಕಾಲೀನ್ ನಿಟ್ಟುಸಿರುಬಿಟ್ಟು ಹಾಳೆ ಮಡಚಿದಳು. "ನಾಳೆ ಬೆಳಗ್ಗೆ ನೋಡೋಣ."

ಆರಕ್ಕೆ ಸರಿಯಾಗಿ ಆಟ ಶುರುವಾಯಿತು. ಮೊದಲ ಸಾಲಿನ ಆರ್ವೋನ ಸೀಟಿನಲ್ಲಿ ಇರ್ಮಾ ಕೂತಿದ್ದಳು.