ಚಿಕ್ಕಮ್ಮ ರಿಜೆಕ್ಟ್ ಮಾಡಿದ ಸಮುದ್ರ

ನಮ್ಮ ಚಿಕ್ಕಮ್ಮ ಒಂದು ಸಲ ಸೂರ್ಯನನ್ನೇ ರಿಜೆಕ್ಟ್ ಮಾಡಿದ್ದಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಾವೆಲ್ಲ ಸೂರ್ಯೋದಯಕ್ಕೆ ಕೈಮುಗಿದು ನಿಂತಿದ್ದರೆ, ಇವಳೊಬ್ಬಳು ಕಣ್ಣು ಕಿರಿದು ಮಾಡಿ ನೋಡಿ, “ಎಡಗಡೆ ಅಂಚು ಕ್ಲಿಯರ್ ಇಲ್ಲ ಕಣೆ, ನಾಳೆ ನೋಡೋಣ” ಎಂದು ಇಳಿದೇಬಿಟ್ಟಳು. ಸೂರ್ಯ ಬೇಜಾರು ಮಾಡಿಕೊಳ್ಳದೆ ಮಾರನೆಯ ದಿನವೂ ಬಂದ. ನಾವು ಹೋಗಲಿಲ್ಲ.

ತಪ್ಪು ಅವಳದಲ್ಲ, ಕೆಲಸದ್ದು. ಚಿಕ್ಕಮ್ಮ ಇರುವುದು ಕಡಕೊಳದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ವಾಹನಗಳ ಬಾಗಿಲಿನ ಸಂದಿಗೆ ಹಾಕುವ ರಬ್ಬರ್ ಪಟ್ಟಿ ಅಲ್ಲಿ ತಯಾರಾಗುತ್ತದೆ. ನಕ್ಷೆಗೂ ಪಟ್ಟಿಗೂ ತಾಳೆ ನೋಡಿ, ಸರಿಯಿದ್ದರೆ ಒಂದು ಹಸಿರು ಚುಕ್ಕಿ ಅಂಟಿಸಬೇಕು, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ ಎಸೆಯಬೇಕು. ಹದಿನಾಲ್ಕು ವರ್ಷ ಇದನ್ನೇ ಮಾಡಿದ ಮನುಷ್ಯರ ಗತಿ ಏನಾಗಬೇಡ? ಇಡ್ಲಿ, ಆಟೋ, ಅಳಿಯಂದಿರು, ಮದುವೆಮನೆಯ ಹೋಳಿಗೆ, ಯಾವುದೂ ಅವಳ ಕಣ್ಣು ತಪ್ಪಿಸಿ ದಾಟುವಂತಿಲ್ಲ. ಕೈಚೀಲದಲ್ಲಿ ಹಸಿರು ಚುಕ್ಕಿಗಳ ಒಂದು ಹಾಳೆ ಸದಾ ಇರುತ್ತದೆ, ಆದರೆ ಅದು ಖರ್ಚಾಗುವುದೇ ಇಲ್ಲ! ನನಗೆ ಈವರೆಗೆ ಸಿಕ್ಕಿರುವುದು ಎರಡು. ಎಸ್ಸೆಸ್ಸೆಲ್ಸಿ ಪಾಸಾದಾಗ ಒಂದು, ಮೊದಲ ಬಾರಿ ಚಪಾತಿ ದುಂಡಗೆ ಬಂದಾಗ ಒಂದು.

ಅವಳು ನಮ್ಮಮ್ಮನ ಕೊನೆಯ ತಂಗಿ, ನನಗಿಂತ ಒಂಬತ್ತೇ ವರ್ಷ ದೊಡ್ಡವಳು. ಅದಕ್ಕೇ ಈ ಏಕವಚನ. ಅವಳನ್ನು ನೋಡಲು ಹನ್ನೊಂದು ಗಂಡುಗಳು ಬಂದುಹೋಗಿದ್ದಾರೆ. ಆರನೆಯವನಲ್ಲಿ ಯಾರಿಗೂ ಕೊರತೆ ಕಾಣಲಿಲ್ಲ. ಒಳ್ಳೆ ಮನೆತನ, ಒಳ್ಳೆ ಕೆಲಸ, ನಗುವೂ ಚೆನ್ನಾಗಿತ್ತು. ಅಜ್ಜಿ ಆಸೆಯಿಂದ ಮಗಳ ಮುಖ ನೋಡಿದರೆ ಇವಳು, “ಪೀಸ್ ಚೆನ್ನಾಗಿದೆ ಕಣಮ್ಮ, ನಮ್ಮ ಗಾಡಿಗೆ ಕೂರಲ್ಲ” ಅಂದಳು. ಅದೇ ಮನುಷ್ಯ ಈಗ ನಮ್ಮ ಬೀದಿಯ ಕೊನೆಯಲ್ಲೇ ಸಂಸಾರ ಮಾಡಿಕೊಂಡು ಸುಖವಾಗಿದ್ದಾನೆ. ಬೇರೆ ಗಾಡಿಗೆ ಸರಿಯಾಗಿ ಕೂತಿದ್ದಾನೆ.

ಇಷ್ಟು ಕಟ್ಟುನಿಟ್ಟಾದರೂ ಅವಳಿಗೊಂದು ಭಯವಿತ್ತು. ಕೆಟ್ಟ ಮಾಲು ಪಾಸಾದರೆ ಅವಳು ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಳ್ಳೆಯದು ರಿಜೆಕ್ಟಾದರೆ ಮಾತ್ರ ಎರಡು ದಿನ ಊಟ ಸೇರುವುದಿಲ್ಲ. “ಕೆಟ್ಟದ್ದು ಹೋದ್ರೆ ಗಿರಾಕಿ ಬಂದು ಬಯ್ತಾನೆ, ಸರಿಹೋಗತ್ತೆ. ಒಳ್ಳೇದನ್ನ ಕೆಂಪು ಡಬ್ಬಕ್ಕೆ ಹಾಕ್ಬುಟ್ರೆ ಅದಕ್ಕೆ ಬಾಯಿಲ್ಲ ಕಣೆ, ಯಾರು ಕೇಳ್ತಾರೆ?” ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಅಂಥದೇ ಒಂದು ಖಟ್ಲೆ ಆರು ವರ್ಷ ನಡೆಯಿತು. ಅಜ್ಜಿ ಹಿತ್ತಲಲ್ಲಿ ಜಾರಿಬಿದ್ದು ಬಲಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮಲಗಿದರೆ ಎಡಮಗ್ಗುಲಲ್ಲೇ ಮಲಗಬೇಕು. ದೇವರಾಜ ಮೊಹಲ್ಲಾದ ನಮ್ಮ ನಡುಮನೆಯಲ್ಲಿ ಆ ಮಗ್ಗುಲಿಗೆ ಕಾಣುತ್ತಿದ್ದುದು ಒಂದು ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರು. ಮಾರ್ಕೆಟ್ ಹತ್ತಿರದ ಪೇಂಟ್ ಅಂಗಡಿಯವರು ಕೊಟ್ಟದ್ದು. ಸುತ್ತ ಬೆಟ್ಟ, ಕೆಂಪು ಹೆಂಚಿನ ಮನೆಗಳು, ಒಂದು ಗಂಟೆಯ ಗೋಪುರ, ನೀರಿನ ನಡುವೆ ಎರಡು ಪುಟ್ಟ ದ್ವೀಪಗಳು, ಅದರಲ್ಲೊಂದರ ಮೇಲೆ ನೀಲಿ ಗುಮ್ಮಟದ ಗುಡಿ. ಆ ನೀರಿನ ಬಣ್ಣವನ್ನು ಹೇಗೆ ಹೇಳಲಿ? ನವಿಲಿನ ಕತ್ತಿಗೆ ಒಂದಿಷ್ಟು ಹಾಲು ಬೆರೆಸಿದ ಹಾಗೆ. ವರ್ಷ ಮುಗಿದರೂ ಅಜ್ಜಿ ಆ ಹಾಳೆ ತೆಗೆಯಲು ಬಿಡಲಿಲ್ಲ.

ಅದು ಎಲ್ಲೋ ಇರುವ ನಿಜವಾದ ಊರು ಎಂಬುದು ಅಜ್ಜಿಯ ವಾದ. ಆ ಗುಡಿಗೆ ಪೂಜೆ ಮಾಡುವವರು ದೋಣಿಯಲ್ಲೇ ಹೋಗಬೇಕು, ಪಾಪ ಮಳೆಗಾಲದಲ್ಲಿ ಏನು ಮಾಡುತ್ತಾರೋ ಎಂದು ಚಿಂತೆ ಮಾಡುತ್ತಿದ್ದರು. ಚಿಕ್ಕಮ್ಮ ಕೇಳಿ ಕೇಳಿ ಫಸ್ಟ್ ಶಿಫ್ಟೇ ಹಾಕಿಸಿಕೊಂಡು, ಮಧ್ಯಾಹ್ನ ಮನೆಗೆ ಬಂದು, ಅವರಿಗೆ ಮೈ ಒರೆಸಿ, ತಲೆ ಬಾಚಿ, ಊಟ ಮಾಡಿಸುತ್ತಾ ಈ ವಾದವನ್ನು ದಿನಾ ತಳ್ಳಿಹಾಕುತ್ತಿದ್ದಳು.

“ಪೇಂಟ್ ಅಂಗಡಿಯವ್ರು ಕಣಮ್ಮ, ನೀರಿಗೂ ಎರಡು ಕೋಟ್ ಹೊಡೆದವ್ರೆ. ರಿಜೆಕ್ಟು.”

“ನಿಂಗೆ ರಬ್ಬರು ಗೊತ್ತು, ನೀರು ಗೊತ್ತಿಲ್ಲ ಬುಡು.”

ಹೋದ ವರ್ಷ ಅಜ್ಜಿ ತೀರಿಕೊಂಡರು. ಖಟ್ಲೆ ಇತ್ಯರ್ಥವಾಗಲಿಲ್ಲ.

ಅದಾಗಿ ಎಂಟು ತಿಂಗಳಿಗೆ, ಹೆಬ್ಬಾಳದ ನನ್ನ ಆಫೀಸಿನ ಗೆಳತಿಯೊಬ್ಬಳ ಜೊತೆ ನಾನೊಂದು ಪ್ರವಾಸ ಗೊತ್ತುಮಾಡಿಕೊಂಡೆ. ಕ್ರೊಯೇಷಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಹೀಗೆ ಕಡಲಂಚಿನಲ್ಲೇ ವ್ಯಾನಿನಲ್ಲಿ ಸಾಗುವ ಹನ್ನೆರಡು ಜನರ ಪುಟ್ಟ ಗುಂಪು. ಗೆಳತಿಗೆ ಮದುವೆ ನಿಶ್ಚಯವಾಗಿ ಕೈಕೊಟ್ಟಳು. ನಾನು ಸಪ್ಪೆ ಮೋರೆಯಲ್ಲಿ ಫೋನಿನ ಚಿತ್ರಗಳನ್ನು ಚಿಕ್ಕಮ್ಮನಿಗೆ ತೋರಿಸುತ್ತಿದ್ದೆ. ನಾಲ್ಕನೆಯ ಚಿತ್ರಕ್ಕೆ ಅವಳು ಫೋನು ಕಿತ್ತುಕೊಂಡಳು. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಕೈಚೀಲದಿಂದ ಭೂತಗನ್ನಡಿ ತೆಗೆದು, ಗೋಪುರ, ದ್ವೀಪ, ಗುಮ್ಮಟ ಎಲ್ಲಕ್ಕೂ ತಾಳೆ ನೋಡಿದಳು. ಊರು ನಿಜ. ಇನ್ನು ಉಳಿದದ್ದು ನೀರಿನ ಬಣ್ಣ. ಅದನ್ನು ಫೋನಿನಲ್ಲಿ ಪಾಸ್ ಮಾಡುವಂತಿಲ್ಲ, ಫೋನಿಗೂ ಪೇಂಟ್ ಅಂಗಡಿಗೂ ವ್ಯತ್ಯಾಸವೇನು?

“ನಾನು ಬರ್ತೀನಿ. ನೋಡ್ಲೇಬೇಕು ಕಣೆ. ಆರು ವರ್ಷ ಅಮ್ಮನ್ನ ಸುಮ್ಮಸುಮ್ನೆ ರಿಜೆಕ್ಟ್ ಮಾಡಿದ್ನಾ ಅಂತ ಗೊತ್ತಾಗ್ಲೇಬೇಕು” ಅಂದಳು.

ಒಂದೇ ತೊಡಕು. ಅದು ಯುವಜನರ ಪ್ರವಾಸ, ಹದಿನೆಂಟರಿಂದ ಮೂವತ್ತೈದರವರೆಗೆ ಮಾತ್ರ. ಚಿಕ್ಕಮ್ಮನಿಗೆ ಸರಿಯಾಗಿ ಮೂವತ್ತೈದು. ಪ್ರವಾಸ ಮುಗಿದ ಎರಡು ವಾರಕ್ಕೆ ಮೂವತ್ತಾರು. ಟೂರಿನವರ ಹುಡುಗಿ ಫೋನಿನಲ್ಲಿ ವಯಸ್ಸು ಕೇಳಿದಾಗ ಈ ಸತ್ಯಸಂಧೆ ಏನು ಹೇಳಿದಳು ಗೊತ್ತೇ? ಮೂವತ್ತೈದು ತುಂಬಿದೆ, ಮೂವತ್ತಾರು ನಡೀತಿದೆ! ಹುಟ್ಟಿದ ಮಗುವಿಗೂ ಒಂದು ನಡೀತಿದೆ ಎನ್ನುವ ಜನ ನಾವು. ಆ ಹುಡುಗಿಗೆ ಇದೆಲ್ಲ ಏನು ಗೊತ್ತು? ಮೂವತ್ತಾರಾದರೆ ಆಗುವುದಿಲ್ಲ ಎಂದು ಫೋನಿಟ್ಟೇಬಿಟ್ಟಳು. ನಾನು ಮತ್ತೆ ಫೋನ್ ಮಾಡಿ, ಪಾಸ್‌ಪೋರ್ಟಿನ ಪುಟ ಕಳಿಸಿ, ನಮ್ಮ ಕಡೆ ವರ್ಷಗಳು ನಡೆಯುವ ರೀತಿಯನ್ನು ಅರ್ಧ ಗಂಟೆ ವಿವರಿಸಿದ ಮೇಲೆ ನಮ್ಮ ಚಿಕ್ಕಮ್ಮ ಅಧಿಕೃತವಾಗಿ ಯುವತಿಯಾದಳು.

ನಿಜ ಹೇಳುತ್ತೇನೆ, ವಿಮಾನ ಇಳಿದು ಗುಂಪು ಸೇರಿದಾಗ ನನಗೆ ನಾಚಿಕೆಯೇ ಆಗಿತ್ತು. ಐರ್ಲೆಂಡಿನವರು, ಬ್ರೆಜಿಲಿನವರು, ಕೊರಿಯಾದವರು, ಎಲ್ಲ ಇಪ್ಪತ್ತರ ಆಸುಪಾಸಿನವರು. ಅವರ ನಡುವೆ ಚೂಡಿದಾರ, ಎಣ್ಣೆ ಹಚ್ಚಿದ ಜಡೆ, ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬ, ಅಂಗೈಯಗಲ ಭೂತಗನ್ನಡಿ! ಅವರು ಕುಣಿದು ಕುಪ್ಪಳಿಸಿ ಬಂದು ಮಲಗುವ ಹೊತ್ತಿಗೆ ಇವಳು ಸ್ನಾನ ಮುಗಿಸಿ ಫಸ್ಟ್ ಶಿಫ್ಟಿಗೆ ತಯಾರಾಗಿ ಕೂತಿರುತ್ತಿದ್ದಳು. ಅಲ್ಲಿಯ ಕಾಫಿಯಲ್ಲಿ ಗಸಿ ತಳಕ್ಕೇ ಕೂತಿರುತ್ತದೆ. ಡಿಕಾಕ್ಷನ್ ಸೋಸಿಯೇ ಇಲ್ಲ ಎಂದು ರಿಜೆಕ್ಟ್ ಮಾಡಿ, ಇನ್ನೊಂದು ಸ್ಯಾಂಪಲ್ ನೋಡುತ್ತೇನೆಂದು ಮೂರು ಲೋಟ ಕುಡಿದಳು.

ಎರಡನೆಯ ದಿನ ಸ್ಪ್ಲಿಟ್ ಪಟ್ಟಣ ಬಿಟ್ಟ ಮೇಲೆ ಮಳೆ ಹಿಡಿಯಿತು. ವ್ಯಾನಿನ ಬಾಗಿಲಿನಿಂದ ನೀರು ತೊಟ್ಟಿಕ್ಕತೊಡಗಿತು. ಎಲ್ಲರೂ ಬ್ಯಾಗುಗಳನ್ನು ಅತ್ತಿತ್ತ ಸರಿಸಿದರು, ಚಿಕ್ಕಮ್ಮ ಮಾತ್ರ ಬಾಗಿಲಿನ ಸಂದಿಯನ್ನು ಬೆರಳಿನಿಂದ ಸವರಿ ನೋಡಿದಳು. ರಬ್ಬರ್ ಪಟ್ಟಿಯನ್ನು ಯಾರೋ ಒಳಹೊರಗು ಮಾಡಿ ಕೂರಿಸಿದ್ದರು. ಪೆಟ್ರೋಲ್ ಬಂಕಿನಲ್ಲಿ ವ್ಯಾನು ನಿಲ್ಲಿಸಿ, ಇಡೀ ಪಟ್ಟಿಯನ್ನು ಕಿತ್ತು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಸರಿಯಾಗಿ ಕೂರಿಸಿದಳು. ಆರಡಿ ಎತ್ತರದ ಡ್ರೈವರು ಕೈಕಟ್ಟಿ ನಿಂತು ನೋಡಿದ. ಅಂದಿನಿಂದ ಅವನು ಅವಳನ್ನು ಕರೆದದ್ದು ಶೆಫ್ ಎಂದೇ. ಅವರ ಭಾಷೆಯಲ್ಲಿ ಯಜಮಾನ ಅಂತ ಅರ್ಥವಂತೆ. ವ್ಯಾನಿನ ಬಾಗಿಲಿಗೆ ಹಸಿರು ಚುಕ್ಕಿ ಬಿತ್ತು. ನನಗೆ ಹದಿನಾಲ್ಕು ವರ್ಷದಲ್ಲಿ ಎರಡು, ಆ ವ್ಯಾನಿಗೆ ಎರಡನೇ ದಿನಕ್ಕೇ ಒಂದು!

ಮೂರನೆಯ ದಿನ ಎಲ್ಲರೂ ಸಮುದ್ರಕ್ಕೆ ಇಳಿಯಲು ಓಡಿದರೆ ಇವಳು ಅಡ್ಡ ನಿಂತಳು. ಸಮುದ್ರವನ್ನು ಮೊದಲು ಕಾಲಲ್ಲಿ ಮುಟ್ಟಬಾರದು, ಕೈಯಲ್ಲಿ ನೀರು ತೆಗೆದು ತಲೆಗೆ ಹಾಕಿಕೊಂಡು ಆಮೇಲೆ ಇಳಿಯಬೇಕು ಎಂದು ತನ್ನ ಇಂಗ್ಲಿಷಿನಲ್ಲಿ ಪಾಠ ಮಾಡಿದಳು. ನಾನು ಬಂಡೆಯ ಮರೆಗೆ ಹೋಗಿ ಮುಖ ಮುಚ್ಚಿಕೊಂಡೆ. ಕಣ್ಣುಬಿಟ್ಟು ನೋಡಿದರೆ, ಈಜುಡುಗೆಯ ಹತ್ತು ಮಂದಿಯೂ ದಡದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಶ್ರದ್ಧೆಯಿಂದ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ನಮ್ಮ ಗುಂಪಿಗೆ ಸೇರದ, ಪಕ್ಕದಲ್ಲಿ ಇಳಿಯಲು ಕಾಲೆತ್ತಿ ನಿಂತಿದ್ದ ಜರ್ಮನ್ ದಂಪತಿ ಕೂಡ ಯಾತಕ್ಕೂ ಇರಲಿ ಎಂದು ಒಮ್ಮೆ ತಲೆ ಒದ್ದೆ ಮಾಡಿಕೊಂಡರು. ನಾಚಿಕೆಪಡಲು ಆ ಗುಂಪಿನಲ್ಲಿ ನಾನೊಬ್ಬಳೇ ಉಳಿದಿದ್ದೆ, ಅದನ್ನೂ ಅಲ್ಲೇ ಬಿಟ್ಟು ಹೋಗಿ ತಲೆಗೆ ನೀರು ಹಾಕಿಕೊಂಡೆ.

ಆರನೆಯ ದಿನ ಮಾಂಟೆನೆಗ್ರೊದ ಪೆರಾಸ್ಟ್ ಎಂಬ ಆ ಊರು ಬಂತು. ಚಿಕ್ಕಮ್ಮನಿಗೆ ಬೆಳಿಗ್ಗೆಯಿಂದ ತಿಂಡಿ ಸೇರಿರಲಿಲ್ಲ. ಅಷ್ಟರಲ್ಲಿ ಇಡೀ ಗುಂಪಿಗೆ ಅಜ್ಜಿಯ ಖಟ್ಲೆ ಗೊತ್ತಾಗಿತ್ತು. ನಮ್ಮ ಗೈಡ್ ಇವಾನಾ ಎಂಬ ಹುಡುಗಿ, ನಾಲ್ಕು ಗಂಟೆಗೆ ವ್ಯಾನು ಹೊರಡುತ್ತದೆ, ಅಷ್ಟರೊಳಗೆ ಚಿತ್ರ ತೆಗೆದ ಜಾಗ ಹುಡುಕೋಣ ಎಂದಳು. ಕ್ಯಾಲೆಂಡರಿನಲ್ಲಿ ಗೋಪುರ ಎರಡೂ ದ್ವೀಪಗಳ ಸರಿನಡುವೆ ನಿಂತಿದೆ. ಚಿಕ್ಕಮ್ಮ ಮನೆಯಿಂದ ಸುತ್ತಿ ತಂದಿದ್ದ ಕ್ಯಾಲೆಂಡರ್ ಹಾಳೆ ಹಿಡಿದು ಕಲ್ಲುಮೆಟ್ಟಿಲು ಹತ್ತುವುದು, ನಿಲ್ಲುವುದು, ತಾಳೆ ನೋಡುವುದು, ತಲೆಯಾಡಿಸುವುದು. ಹಿಂದಿನಿಂದ ಅರ್ಧ ಪ್ರಪಂಚದ ಯುವಜನತೆ ಅವಳ ಸ್ಟೀಲ್ ಡಬ್ಬ ಹೊತ್ತು ಹತ್ತುವುದು. ಕೊನೆಗೆ ಗೋಪುರ ಸರಿಯಾಗಿ ನಡುವೆ ಕೂತದ್ದು ಒಂದು ಮನೆಯ ಜಗಲಿಯಲ್ಲಿ. ಬಟ್ಟೆ ಒಣಹಾಕುತ್ತಿದ್ದ ಕಪ್ಪುಡುಗೆಯ ಮುದುಕಿಯೊಬ್ಬರು ನಮ್ಮ ದಂಡು ನೋಡಿ ಬೆಚ್ಚಿದರು. ಬರಿಗೈಯಲ್ಲಿ ಯಾರ ಮನೆಗೂ ಹೋಗುವವಳಲ್ಲ ಚಿಕ್ಕಮ್ಮ. ಡಬ್ಬವನ್ನು ಅವರ ಕೈಗಿಟ್ಟಳು. ಇವಾನಾ ವಿಷಯ ವಿವರಿಸಿದಳು. ಮುದುಕಿ ಕ್ಯಾಲೆಂಡರ್ ನೋಡಿ, ಚಕ್ಕುಲಿ ಕಡಿದು, ದಾರಿ ಬಿಟ್ಟರು.

ಮನೆಗಳು ಅವೇ, ದ್ವೀಪಗಳು ಅವೇ, ನೀಲಿ ಗುಮ್ಮಟವೂ ಅದೇ. ಆ ಗುಡಿಗೆ ಈಗಲೂ ದೋಣಿಯಲ್ಲೇ ಹೋಗಬೇಕು ಎಂದು ಇವಾನಾ ಹೇಳಿದಳು. ಆದರೆ ಆಕಾಶದ ತುಂಬ ಮೋಡ. ನೀರು ಪಾತ್ರೆ ತೊಳೆದ ನೀರಿನಂತೆ ಬೂದುಬಣ್ಣಕ್ಕಿತ್ತು.

ಲೆಕ್ಕಪ್ರಕಾರ ಚಿಕ್ಕಮ್ಮ ಗೆದ್ದಿದ್ದಳು. ಅವಳ ಮುಖ ನೋಡಲಾಗಲಿಲ್ಲ ನನಗೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ತನ್ನ ತೀರ್ಪು ತಪ್ಪಾಗಿರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ನಾಲ್ಕು ಗಂಟೆಯಾಯಿತು. ಯಾರೂ ಏಳಲಿಲ್ಲ. ಡ್ರೈವರು ಮೆಟ್ಟಿಲು ಹತ್ತಿ ಬಂದವನು ಇವಾನಾಳಿಂದ ವಿಷಯ ಕೇಳಿ, ಶೆಫ್ ಹೇಳಿದಾಗ ಹೊರಟರಾಯಿತು ಎಂದು ತಾನೂ ಗೋಡೆಗೊರಗಿ ಕೂತ. ನಾಲ್ಕೂವರೆಯಾಯಿತು. ಅಷ್ಟರಲ್ಲಿ ಎದುರಿನ ಬೆಟ್ಟದ ಮೇಲೆ ಮೋಡ ಒಂದು ಕಡೆ ಹರಿದು, ಚಾಮುಂಡಿ ಬೆಟ್ಟದಲ್ಲಿ ಇವಳಿಂದ ರಿಜೆಕ್ಟ್ ಆಗಿದ್ದ ಅದೇ ಸೂರ್ಯ ಯಾವ ಹಗೆಯನ್ನೂ ಇಟ್ಟುಕೊಳ್ಳದೆ ಹೊರಗೆ ಬಂದ. ನೀರು ದಡದ ಕಡೆಯಿಂದ ಬಣ್ಣ ತಿರುಗುತ್ತಾ ಹೋಯಿತು. ನವಿಲಿನ ಕತ್ತು, ಅದಕ್ಕೊಂದಿಷ್ಟು ಹಾಲು.

ಚಿಕ್ಕಮ್ಮ ಭೂತಗನ್ನಡಿ ತೆಗೆಯಲಿಲ್ಲ. ಜಗಲಿಯ ಕಲ್ಲುಬೆಂಚಿನ ಮೇಲೆ, ಅಷ್ಟು ಜನರ ಎದುರಿಗೆ, ಎಡಮಗ್ಗುಲಾಗಿ ಮಲಗಿಬಿಟ್ಟಳು. ಮೊಣಕಾಲು ಮಡಿಸಿ, ಒಂದು ಕೈ ಕೆನ್ನೆಯಡಿ ಇಟ್ಟುಕೊಂಡು, ಥೇಟ್ ಅಜ್ಜಿಯ ಹಾಗೇ. ಯಾರೂ ನಗಲಿಲ್ಲ. ಮುದುಕಿ ಒಳಗೆ ಹೋಗಿ ಒಂದು ದಿಂಬು ತಂದು, ಅವಳ ತಲೆ ಎತ್ತಿ, ಕೆಳಗಿಟ್ಟರು. ಆರು ವರ್ಷ ಇನ್ನೊಬ್ಬರ ತಲೆ ಎತ್ತಿ ದಿಂಬು ಸರಿಮಾಡಿದವಳಿಗೆ ಯಾರಾದರೂ ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ.

ಅವಳು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದಳು.

“ನೀರು ಹಂಗೇ ಇದೆ ಕಣಮ್ಮ,” ಅಂದಳು, ಅಜ್ಜಿ ಪಕ್ಕದಲ್ಲೇ ಇದ್ದಾರೇನೋ ಎಂಬಷ್ಟು ಮೆಲ್ಲಗೆ. “ತಪ್ಪು ನಂದೇ.”

ಆಮೇಲೆ ಎದ್ದು ಕೂತು, ಕೈಚೀಲದಿಂದ ಹಾಳೆ ತೆಗೆದು, ಒಂದು ಹಸಿರು ಚುಕ್ಕಿ ಬಿಡಿಸಿ, ಕ್ಯಾಲೆಂಡರಿನ ನೀರಿನ ಮೇಲೆ ಅಂಟಿಸಿದಳು. ಕಣ್ಣು ಮಂಜಾಗಿತ್ತು. ಚುಕ್ಕಿ ಸೊಟ್ಟಗೆ ಕೂತು, ಒಂದು ಅಂಚು ಮಡಚಿಕೊಂಡಿತು. ಬೇರೆ ಯಾರು ಹಾಗೆ ಅಂಟಿಸಿದ್ದರೂ ಅವಳು ಕಿತ್ತು ಮತ್ತೆ ಅಂಟಿಸಲು ಹೇಳುತ್ತಿದ್ದಳು. ಕ್ಯಾಲೆಂಡರು ಈಗ ಮತ್ತೆ ನಮ್ಮ ನಡುಮನೆಯ ಅದೇ ಗೋಡೆಯ ಮೇಲಿದೆ. ಚುಕ್ಕಿಯನ್ನು ಚಿಕ್ಕಮ್ಮ ಇವತ್ತಿಗೂ ಸರಿಮಾಡಿಲ್ಲ.